ದತ್ತಸಂಚಯ ಮತ್ತು ದತ್ತಸಂಚಯ ನಿರ್ವಹಣಾ ವ್ಯವಸ್ಥೆ: ಪಹಣಿಯ ಉದಾಹರಣೆಯೊಂದಿಗೆ ಒಂದು ಪರಿಚಯ

ಪೀಠಿಕೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಡಿತರ ಚೀಟಿ, ವೃದ್ಧಾಪ್ಯ ವೇತನ ಮುಂತಾದ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ನಾಗರಿಕರಿಗೆ "ಕಂಪ್ಯೂಟರಿನಲ್ಲಿ ಹೆಸರು ಬರುತ್ತಿಲ್ಲ", "ವಿವರ ತಾಳೆಯಾಗುತ್ತಿಲ್ಲ" ಎಂಬ ಉತ್ತರ ದೊರೆಯುವುದುಂಟು. ಇಂತಹ ಉತ್ತರದ ಹಿಂದೆ ಇರುವುದು ದತ್ತಸಂಚಯ. ಇದನ್ನು ಬಳಕೆಯಲ್ಲಿ ಡೇಟಾಬೇಸ್ ಎಂದೂ ಕರೆಯಲಾಗುತ್ತದೆ. ದತ್ತಸಂಚಯ ಎಂದರೇನು, ಅದು ಹೇಗೆ ಕಾರ್ಯನಿರ್ವಹಿಸುತ್ತದೆ, ಅದರಿಂದ ಯಾವುದು ಸಾಧ್ಯ ಮತ್ತು ಯಾವುದು ಸಾಧ್ಯವಿಲ್ಲ ಎಂಬುದನ್ನು ಅರಿತ ಅರ್ಜಿದಾರರು ತಮ್ಮ ದಾಖಲೆಯಲ್ಲಿನ ದೋಷವನ್ನು ಬೇಗನೆ ಗುರುತಿಸಿ, ಸೂಕ್ತ ಪ್ರಾಧಿಕಾರದ ಮುಂದೆ ಸರಿಪಡಿಸಿಕೊಳ್ಳಬಹುದು. ಈ ಉದ್ದೇಶದಿಂದ, ರಾಜ್ಯದ ರೈತರಿಗೆ ಚಿರಪರಿಚಿತವಾದ ಪಹಣಿ ಹಾಗೂ "ಭೂಮಿ" ಯೋಜನೆಯನ್ನು ಉದಾಹರಣೆಯಾಗಿಟ್ಟುಕೊಂಡು ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

1. ದತ್ತಾಂಶ, ಮಾಹಿತಿ ಮತ್ತು ದತ್ತಸಂಚಯ

"3-10" ಎಂಬ ಬರಹವು ಒಂದು ದತ್ತಾಂಶ ಮಾತ್ರ. ಅದು ದಿನಾಂಕವೂ ಆಗಿರಬಹುದು, ಅಳತೆಯೂ ಆಗಿರಬಹುದು. ಅದೇ ಬರಹವು ಇಂತಹ ಗ್ರಾಮದ ಇಂತಹ ಸರ್ವೆ ನಂಬರಿನ ಎದುರು, ವಿಸ್ತೀರ್ಣ ಎಂಬ ಕಲಂನ ಕೆಳಗೆ ಬಂದಾಗ "3 ಎಕರೆ 10 ಗುಂಟೆ" ಎಂಬ ಅರ್ಥವನ್ನು ಪಡೆದು ಮಾಹಿತಿಯಾಗುತ್ತದೆ. ದತ್ತಾಂಶವು ಅರ್ಥ ಪಡೆಯುವುದು ಅದರ ಸ್ಥಾನದಿಂದ ಮತ್ತು ಇತರ ದತ್ತಾಂಶಗಳೊಂದಿಗೆ ಅದಕ್ಕಿರುವ ಸಂಬಂಧದಿಂದ.

ಪರಸ್ಪರ ಸಂಬಂಧವುಳ್ಳ ದತ್ತಾಂಶಗಳನ್ನು ಒಂದು ನಿಶ್ಚಿತ ವಿನ್ಯಾಸಕ್ಕೆ ಒಳಪಡಿಸಿ, ಅನೇಕರು ಏಕಕಾಲದಲ್ಲಿ ಬಳಸಲು ಅನುಕೂಲವಾಗುವಂತೆ ಸಂಗ್ರಹಿಸಿಟ್ಟ ಸಮೂಹಕ್ಕೆ ದತ್ತಸಂಚಯ ಎನ್ನಲಾಗುತ್ತದೆ. ಈ ಸಂಗ್ರಹವನ್ನು ಕಾಪಾಡುವ, ಕೋರಿದ ವಿವರವನ್ನು ಹುಡುಕಿ ಕೊಡುವ, ಬದಲಾವಣೆಗಳನ್ನು ನಿಯಮಾನುಸಾರ ದಾಖಲಿಸುವ ತಂತ್ರಾಂಶಕ್ಕೆ ದತ್ತಸಂಚಯ ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ಕಚೇರಿಯ ದಾಖಲೆ ಕೊಠಡಿಯನ್ನು ದತ್ತಸಂಚಯಕ್ಕೆ ಹೋಲಿಸಿದಲ್ಲಿ, ಆ ಕೊಠಡಿಯ ಉಸ್ತುವಾರಿ ಹೊತ್ತ ದಾಖಲೆಪಾಲಕರನ್ನು ನಿರ್ವಹಣಾ ವ್ಯವಸ್ಥೆಗೆ ಹೋಲಿಸಬಹುದು. ದಾಖಲೆಪಾಲಕರ ಮೂಲಕವಲ್ಲದೆ ಯಾರೂ ಕಡತವನ್ನು ಮುಟ್ಟುವಂತಿಲ್ಲ ಎಂಬ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ.

2. ಕೈಬರಹದ ವಹಿಗಳ ಕಾಲದ ತೊಂದರೆಗಳು

ಗಣಕೀಕರಣಕ್ಕೆ ಮುನ್ನ ಕರ್ನಾಟಕದಲ್ಲಿ ಪಹಣಿಗಳನ್ನು ಸುಮಾರು 9,000 ಗ್ರಾಮ ಲೆಕ್ಕಾಧಿಕಾರಿಗಳು ಕೈಬರಹದಲ್ಲಿ ನಿರ್ವಹಿಸುತ್ತಿದ್ದರು. ಒಬ್ಬೊಬ್ಬರ ವಶದಲ್ಲಿ ಹಲವು ಗ್ರಾಮಗಳ ವಹಿಗಳು ಇರುತ್ತಿದ್ದವು. ಈ ಹುದ್ದೆಯನ್ನು ಈಗ ಗ್ರಾಮ ಆಡಳಿತ ಅಧಿಕಾರಿ ಎಂದು ಕರೆಯಲಾಗುತ್ತದೆ. ಪಹಣಿಯ ನಕಲು ಬೇಕಾದ ರೈತರು ಸಂಬಂಧಪಟ್ಟ ಲೆಕ್ಕಾಧಿಕಾರಿಗಳು ಇರುವ ಸ್ಥಳವನ್ನು ಹುಡುಕಿಕೊಂಡು ಹೋಗಬೇಕಾಗುತ್ತಿತ್ತು.

ವಹಿಗಳ ಪದ್ಧತಿಯಲ್ಲಿ ಮುಖ್ಯವಾಗಿ ನಾಲ್ಕು ತೊಂದರೆಗಳಿದ್ದವು.

ಅ) ಪುನರಾವರ್ತನೆ: ಒಂದೇ ವಿವರವನ್ನು ಪಹಣಿ, ಮ್ಯುಟೇಶನ್ ವಹಿ, ಖಾತೆ ವಹಿ ಮುಂತಾಗಿ ಹಲವೆಡೆ ಬರೆಯಬೇಕಾಗಿತ್ತು.

ಆ) ಅಸಂಗತಿ: ಒಂದು ವಹಿಯಲ್ಲಿ ತಿದ್ದಿ, ಇನ್ನೊಂದರಲ್ಲಿ ತಿದ್ದದೆ ಬಿಟ್ಟಾಗ ಎರಡು ವಹಿಗಳು ಎರಡು ಬಗೆಯ ಉತ್ತರ ನೀಡುತ್ತಿದ್ದವು.

ಇ) ಹುಡುಕಾಟ: ಸರ್ವೆ ನಂಬರಿನ ಕ್ರಮದಲ್ಲಿ ಬರೆದ ವಹಿಯಲ್ಲಿ ಒಬ್ಬ ರೈತರ ಎಲ್ಲ ಜಮೀನುಗಳನ್ನು ಹುಡುಕಲು ಇಡೀ ವಹಿಯನ್ನು ತಿರುವಿ ಹಾಕಬೇಕಾಗಿತ್ತು.

ಈ) ಗುರುತಿಲ್ಲದ ತಿದ್ದುಪಡಿ: ಒಂದು ಅಂಕಿಯನ್ನು ಅಳಿಸಿ ಮತ್ತೊಂದನ್ನು ಬರೆದಾಗ, ಯಾರು, ಯಾವಾಗ, ಯಾವ ಆದೇಶದ ಮೇರೆಗೆ ಬರೆದರು ಎಂಬುದು ತಿಳಿಯುತ್ತಿರಲಿಲ್ಲ.

ಈ ಹಿನ್ನೆಲೆಯಲ್ಲಿ ಕಂದಾಯ ಇಲಾಖೆಯು "ಭೂಮಿ" ಯೋಜನೆಯನ್ನು ಕೈಗೊಂಡಿತು. ಇದರ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸಿದ್ಧಪಡಿಸಿತು. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಅಳವಡಿಸಿ, 2000ದ ದಶಕದ ಆರಂಭದಲ್ಲಿ ತಾಲ್ಲೂಕು ಕೇಂದ್ರಗಳ ಭೂಮಿ ಕಿಯಾಸ್ಕ್‌ಗಳ ಮೂಲಕ ಪಹಣಿ ವಿತರಣೆಯನ್ನು ಪ್ರಾರಂಭಿಸಲಾಯಿತು. ಆಗ ಒಂದು ಪಹಣಿಗೆ 15 ರೂಪಾಯಿ ಶುಲ್ಕವಿತ್ತು. ಕಿಯಾಸ್ಕ್‌ನಲ್ಲಿ ಅರ್ಜಿದಾರರ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನೂ ಇರಿಸಲಾಗಿದ್ದು, ಸಿಬ್ಬಂದಿ ಏನನ್ನು ನೋಡುತ್ತಿದ್ದಾರೆಯೋ ಅದನ್ನೇ ರೈತರೂ ನೋಡಬಹುದಾಗಿತ್ತು. ತಾಲ್ಲೂಕಿನಲ್ಲಿ ಗಣಕೀಕೃತ ವಿತರಣೆ ಜಾರಿಗೆ ಬಂದ ಮೇಲೆ ಅಲ್ಲಿ ಕೈಬರಹದ ಪಹಣಿಯ ವಿತರಣೆಯನ್ನು ನಿಲ್ಲಿಸಲಾಯಿತು. ಎರಡು ಮೂಲಗಳು ಜೊತೆಯಾಗಿ ಮುಂದುವರಿದಲ್ಲಿ ಅಸಂಗತಿಯೂ ಮುಂದುವರಿಯುತ್ತದೆ ಎಂಬುದೇ ಇದರ ಕಾರಣ. ಒಂದು ವಿಷಯಕ್ಕೆ ಒಂದೇ ಅಧಿಕೃತ ನಮೂದು ಇರಬೇಕು ಎಂಬುದು ದತ್ತಸಂಚಯದ ಮೂಲತತ್ವ.

3. ಕೋಷ್ಟಕ, ಸಾಲು ಮತ್ತು ಕಲಂ

ಇಂದು ಸರ್ಕಾರಿ ಸೇವೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಸಂಬಂಧಾತ್ಮಕ ದತ್ತಸಂಚಯ. ಇದರಲ್ಲಿ ದತ್ತಾಂಶಗಳನ್ನು ಕೋಷ್ಟಕಗಳ ರೂಪದಲ್ಲಿ ಇಡಲಾಗುತ್ತದೆ. ಕೋಷ್ಟಕದ ಪ್ರತಿ ಸಾಲು ಒಂದು ವಸ್ತುವನ್ನು ಅಥವಾ ಒಬ್ಬ ವ್ಯಕ್ತಿಯನ್ನು ಪ್ರತಿನಿಧಿಸುತ್ತದೆ. ಪ್ರತಿ ಕಲಂ ಒಂದು ಗುಣವನ್ನು ಸೂಚಿಸುತ್ತದೆ.

ಪಹಣಿಯ ಕಲಂಗಳು ಇದಕ್ಕೆ ಉತ್ತಮ ನಿದರ್ಶನ. ಕಲಂ 3ರಲ್ಲಿ ಜಮೀನಿನ ವಿಸ್ತೀರ್ಣ, ಕಲಂ 9ರಲ್ಲಿ ಸ್ವಾಧೀನದಾರರ ಹೆಸರು ಮತ್ತು ಅವರ ಪಾಲಿನ ವಿಸ್ತೀರ್ಣ, ಕಲಂ 11ರಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು, ಕಲಂ 12ರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ ಇರುತ್ತದೆ. ಆದರೆ ರೈತರ ಕೈಗೆ ದೊರೆಯುವ ಪಹಣಿಯ ಹಾಳೆಯು ದತ್ತಸಂಚಯದ ಒಳಗೆ ಅದೇ ರೂಪದಲ್ಲಿ ಇರಬೇಕೆಂದಿಲ್ಲ. ಜಮೀನು, ಮಾಲೀಕರು, ಹಕ್ಕು, ಋಣ, ಬೆಳೆ ಇವುಗಳಿಗೆ ಪ್ರತ್ಯೇಕ ಕೋಷ್ಟಕಗಳನ್ನು ಇಟ್ಟು, ಕೋರಿಕೆ ಬಂದಾಗ ಬೇಕಾದ ಸಾಲುಗಳನ್ನು ಒಂದೆಡೆ ಸೇರಿಸಿ ಹಾಳೆಯನ್ನು ಮುದ್ರಿಸುವುದು ಈ ಬಗೆಯ ವ್ಯವಸ್ಥೆಯ ಕ್ರಮ. ಹಾಳೆಯು ಆ ಕ್ಷಣದ ದಾಖಲೆಯ ಒಂದು ನೋಟವಾಗಿದ್ದು, ದಾಖಲೆಯು ದತ್ತಸಂಚಯದಲ್ಲಿ ಉಳಿಯುತ್ತದೆ. ಹಳೆಯ ಪಹಣಿಯನ್ನು ಹಾಜರುಪಡಿಸಿದಾಗ ಹೊಸ ಪಹಣಿಯನ್ನು ಕೇಳುವುದು ಇದೇ ಕಾರಣದಿಂದ.

4. ಕೀಲಿ: ಒಂದು ಸಾಲನ್ನು ತಪ್ಪಿಲ್ಲದೆ ಗುರುತಿಸುವ ಬಗೆ

ಕೋಷ್ಟಕದ ಪ್ರತಿ ಸಾಲನ್ನು ಇತರ ಸಾಲುಗಳಿಂದ ಬೇರ್ಪಡಿಸಿ ಗುರುತಿಸುವ ಕಲಂಗೆ ಅಥವಾ ಕಲಂಗಳ ಗುಂಪಿಗೆ ಪ್ರಧಾನ ಕೀಲಿ ಎನ್ನಲಾಗುತ್ತದೆ. ವ್ಯಕ್ತಿಯ ಹೆಸರು ಕೀಲಿಯಾಗಲಾರದು. ಒಂದೇ ಗ್ರಾಮದಲ್ಲಿ ರಾಮಪ್ಪ ಎಂಬ ಹೆಸರಿನವರು ಹಲವರು ಇರಬಹುದು. ಭೂದಾಖಲೆಗಳಲ್ಲಿ "ರಾಮಪ್ಪ ಬಿನ್ ತಿಮ್ಮಪ್ಪ", "ಲಕ್ಷ್ಮಮ್ಮ ಕೋಂ ಈರಣ್ಣ" ಎಂದು ತಂದೆಯ ಅಥವಾ ಗಂಡನ ಹೆಸರನ್ನು ಸೇರಿಸಿ ಬರೆಯುವ ರೂಢಿ ಬಂದದ್ದು ಈ ಗೊಂದಲವನ್ನು ತಪ್ಪಿಸಲು. ಅಷ್ಟಾದರೂ ಎರಡು ಕುಟುಂಬಗಳಲ್ಲಿ ಅದೇ ಜೋಡಿ ಹೆಸರು ಇರುವ ಸಾಧ್ಯತೆ ಉಳಿಯುತ್ತದೆ.

ಜಮೀನಿನ ಸರ್ವೆ ನಂಬರು ಸಹ ಒಂಟಿಯಾಗಿ ಕೀಲಿಯಾಗುವುದಿಲ್ಲ. ಸರ್ವೆ ನಂಬರ್ 45 ರಾಜ್ಯದ ಸಾವಿರಾರು ಗ್ರಾಮಗಳಲ್ಲಿ ಇದ್ದೀತು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಇಷ್ಟನ್ನೂ ಒಟ್ಟಿಗೆ ಹೇಳಿದಾಗ ಮಾತ್ರ ಒಂದು ತುಂಡು ಜಮೀನು ಖಚಿತವಾಗಿ ಗುರುತಿಗೆ ಸಿಗುತ್ತದೆ. ಭೂಮಿ ಜಾಲತಾಣದಲ್ಲಿ ಪಹಣಿಯನ್ನು ನೋಡುವಾಗ ಈ ವಿವರಗಳನ್ನು ಒಂದಾದ ಮೇಲೊಂದರಂತೆ ಆಯ್ಕೆ ಮಾಡಬೇಕಾಗಿರುವುದು ಇದೇ ಕಾರಣಕ್ಕೆ. ಹಿಸ್ಸಾ ಸಂಖ್ಯೆಯನ್ನು ತಪ್ಪಾಗಿ ಆರಿಸಿದಲ್ಲಿ ಪರದೆಯ ಮೇಲೆ ಬರುವುದು ನೆರೆಯವರ ಜಮೀನಿನ ಪಹಣಿ.

5. ಕೋಷ್ಟಕಗಳ ನಡುವಣ ಸಂಬಂಧ

ದತ್ತಸಂಚಯ ನಿರ್ವಹಣಾ ವ್ಯವಸ್ಥೆಗಳ ಇತಿಹಾಸ 1960ರ ದಶಕದಿಂದ ಆರಂಭವಾಗುತ್ತದೆ. ಆ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಚಾರ್ಲ್ಸ್ ಬ್ಯಾಕ್‌ಮನ್ ಅವರು ರೂಪಿಸಿದ ವ್ಯವಸ್ಥೆಯು ಮೊದಲಿನವುಗಳಲ್ಲಿ ಒಂದು. ಅಪೊಲೊ ಚಂದ್ರಯಾನ ಕಾರ್ಯಕ್ರಮದ ಅಪಾರ ಸಂಖ್ಯೆಯ ಬಿಡಿಭಾಗಗಳ ಪಟ್ಟಿಯನ್ನು ನಿರ್ವಹಿಸಲು ಐ.ಬಿ.ಎಂ. ಸಂಸ್ಥೆಯು ಅದೇ ದಶಕದಲ್ಲಿ ಮತ್ತೊಂದು ವ್ಯವಸ್ಥೆಯನ್ನು ಸಿದ್ಧಪಡಿಸಿತು. ಅಂದಿನ ವ್ಯವಸ್ಥೆಗಳಲ್ಲಿ ದತ್ತಾಂಶವನ್ನು ತಲುಪಬೇಕಾದರೆ, ಅದು ಯಾವ ದಾರಿಯಲ್ಲಿ ಕೊಂಡಿಯಾಗಿದೆ ಎಂಬುದನ್ನು ಕಾರ್ಯಕ್ರಮ ಬರೆಯುವವರು ಮೊದಲೇ ತಿಳಿದಿರಬೇಕಾಗಿತ್ತು.

1970ರಲ್ಲಿ ಐ.ಬಿ.ಎಂ. ಸಂಸ್ಥೆಯ ಸಂಶೋಧಕರಾದ ಇ. ಎಫ್. ಕಾಡ್ ಅವರು ಸಂಬಂಧಾತ್ಮಕ ಮಾದರಿಯನ್ನು ಪ್ರಕಟಿಸಿದರು. ದತ್ತಾಂಶಗಳನ್ನು ಸರಳ ಕೋಷ್ಟಕಗಳಲ್ಲಿ ಇಡಬೇಕು. ಕೋಷ್ಟಕಗಳ ನಡುವಣ ಸಂಬಂಧವನ್ನು ಗುಪ್ತ ಕೊಂಡಿಗಳಿಂದಲ್ಲದೆ ಸಮಾನ ಮೌಲ್ಯಗಳಿಂದಲೇ ಸೂಚಿಸಬೇಕು. ಬಳಕೆದಾರರು ತಮಗೆ ಏನು ಬೇಕು ಎಂಬುದನ್ನಷ್ಟೇ ಹೇಳಿ, ಅದನ್ನು ಹೇಗೆ ಹುಡುಕಬೇಕು ಎಂಬುದನ್ನು ಯಂತ್ರಕ್ಕೆ ಬಿಡಬೇಕು ಎಂಬುದು ಇದರ ಸಾರ. ಈ ಕಾರ್ಯಕ್ಕಾಗಿ ಕಾಡ್ ಅವರಿಗೆ 1981ರಲ್ಲಿ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಇದೇ ಮಾದರಿಯನ್ನು ಆಧರಿಸಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವರು 1974ರಲ್ಲಿ ಪ್ರಕಟಿಸಿದ ಪ್ರಶ್ನಾಭಾಷೆಯು ಮುಂದೆ ಎಸ್.ಕ್ಯೂ.ಎಲ್. ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1986ರಲ್ಲಿ ಅಮೆರಿಕದಲ್ಲಿಯೂ, 1987ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ಅದಕ್ಕೆ ಮಾನಕದ ಸ್ಥಾನ ದೊರೆಯಿತು. ಒರಾಕಲ್, ಪೋಸ್ಟ್‌ಗ್ರೆಸ್, ಮೈ ಎಸ್.ಕ್ಯೂ.ಎಲ್. ಮುಂತಾದ ವ್ಯವಸ್ಥೆಗಳು ಇದೇ ಭಾಷೆಯನ್ನು ಬಳಸುತ್ತವೆ.

ಸಂಬಂಧ ಎಂಬುದನ್ನು ಪಹಣಿಯ ಸಂದರ್ಭದಲ್ಲಿ ಹೀಗೆ ತಿಳಿಯಬಹುದು. ಜಮೀನುಗಳ ಕೋಷ್ಟಕದಲ್ಲಿ ಒಂದು ಜಮೀನಿಗೆ ಒಂದು ಸಾಲು; ಮಾಲೀಕರ ಕೋಷ್ಟಕದಲ್ಲಿ ಒಬ್ಬರಿಗೆ ಒಂದು ಸಾಲು. ಒಂದು ಜಮೀನಿಗೆ ನಾಲ್ವರು ಸಹೋದರರು ಜಂಟಿ ಮಾಲೀಕರಿರಬಹುದು. ಆ ನಾಲ್ವರಲ್ಲಿ ಒಬ್ಬರಿಗೆ ಬೇರೆ ಮೂರು ಜಮೀನುಗಳೂ ಇರಬಹುದು. ಆದುದರಿಂದ ಮೂರನೆಯದಾಗಿ ಹಕ್ಕುಗಳ ಕೋಷ್ಟಕವನ್ನು ಇಟ್ಟು, ಅದರ ಪ್ರತಿ ಸಾಲಿನಲ್ಲಿ ಜಮೀನಿನ ಕೀಲಿ, ಮಾಲೀಕರ ಕೀಲಿ ಮತ್ತು ಪಾಲಿನ ವಿಸ್ತೀರ್ಣವನ್ನು ದಾಖಲಿಸಲಾಗುತ್ತದೆ. ಮಾಲೀಕರ ಹೆಸರಿನ ಕಾಗುಣಿತವನ್ನು ಅವರ ಸಾಲಿನಲ್ಲಿ ಒಮ್ಮೆ ಸರಿಪಡಿಸಿದಲ್ಲಿ, ಆ ಸಾಲಿಗೆ ಜೋಡಣೆಯಾದ ಎಲ್ಲ ಜಮೀನುಗಳಲ್ಲಿಯೂ ಅದು ಸರಿಯಾಗಿ ಕಾಣಿಸುತ್ತದೆ. ಅದೇ ವ್ಯಕ್ತಿಯ ಹೆಸರು ಎರಡು ಪ್ರತ್ಯೇಕ ಸಾಲುಗಳಾಗಿ ನಮೂದಾಗಿದ್ದಲ್ಲಿ ಮಾತ್ರ ಯಂತ್ರವು ಅವರನ್ನು ಇಬ್ಬರೆಂದೇ ಪರಿಗಣಿಸುತ್ತದೆ.

6. ನಿರ್ವಹಣಾ ವ್ಯವಸ್ಥೆಯ ಮುಖ್ಯ ಕಾರ್ಯಗಳು

ಅ) ಹುಡುಕುವಿಕೆ: ನಿಘಂಟಿನಲ್ಲಿ ಅಕಾರಾದಿ ಕ್ರಮವಿರುವಂತೆ, ನಿರ್ವಹಣಾ ವ್ಯವಸ್ಥೆಯು ಕೀಲಿಗಳ ಒಂದು ಸೂಚಿಯನ್ನು ಕ್ರಮವಾಗಿ ಜೋಡಿಸಿ ಇಟ್ಟುಕೊಂಡಿರುತ್ತದೆ. ಕ್ರಮಬದ್ಧವಾದ ಸೂಚಿಯ ಮಧ್ಯಕ್ಕೆ ಹೋಗಿ, ಬೇಡವಾದ ಅರ್ಧವನ್ನು ಕೈಬಿಡುತ್ತಾ ಸಾಗಿದಲ್ಲಿ 2 ಕೋಟಿ ದಾಖಲೆಗಳಲ್ಲಿ ಒಂದನ್ನು ಹೆಚ್ಚೆಂದರೆ 25 ಹೆಜ್ಜೆಗಳಲ್ಲಿ ತಲುಪಬಹುದು. ಸೂಚಿ ಇಲ್ಲದಿದ್ದಲ್ಲಿ ಎರಡು ಕೋಟಿ ಸಾಲುಗಳನ್ನೂ ಓದಬೇಕಾದೀತು.

ಆ) ಸಮಗ್ರತೆಯ ನಿಯಮಗಳು: ತಪ್ಪು ಎಂದು ಮೊದಲೇ ಗೊತ್ತಿರುವುದನ್ನು ಒಳಗೆ ಬಿಡದಂತೆ ನಿಯಮಗಳನ್ನು ಅಳವಡಿಸಬಹುದು. 40 ಗುಂಟೆಗೆ ಒಂದು ಎಕರೆಯಾದುದರಿಂದ ಗುಂಟೆಯ ಕಲಂನಲ್ಲಿ 40 ಅಥವಾ ಅದಕ್ಕಿಂತ ಹೆಚ್ಚಿನ ಸಂಖ್ಯೆ ಬರುವಂತಿಲ್ಲ. ಕೋಷ್ಟಕದಲ್ಲಿ ಇಲ್ಲದ ಗ್ರಾಮದ ಹೆಸರಿನಲ್ಲಿ ಜಮೀನನ್ನು ಸೇರಿಸುವಂತಿಲ್ಲ. ಪಾಲುಗಳ ಮೊತ್ತವು ಜಮೀನಿನ ಒಟ್ಟು ವಿಸ್ತೀರ್ಣವನ್ನು ಮೀರುವಂತಿಲ್ಲ. ಇಂತಹವು ಈ ಬಗೆಯ ನಿಯಮಗಳು.

ಇ) ಅಧಿಕಾರ ನಿಯಂತ್ರಣ: ಯಾರು ನೋಡಬಹುದು, ಯಾರು ನಮೂದಿಸಬಹುದು, ಯಾರು ಅನುಮೋದಿಸಬಹುದು ಎಂಬುದನ್ನು ವ್ಯವಸ್ಥೆಯಲ್ಲಿ ಮೊದಲೇ ನಿಗದಿಪಡಿಸಲಾಗುತ್ತದೆ. ಭೂಮಿ ಯೋಜನೆಯಲ್ಲಿ ಸಿಬ್ಬಂದಿಯ ಗುರುತಿಗಾಗಿ ಬೆರಳಚ್ಚು ಪದ್ಧತಿಯನ್ನು ಆರಂಭದಲ್ಲಿಯೇ ಅಳವಡಿಸಲಾಯಿತು. ಗುಪ್ತಪದವನ್ನು ಇನ್ನೊಬ್ಬರಿಗೆ ಹೇಳಬಹುದು, ಬೆರಳನ್ನು ಕೊಡಲಾಗದು.

ಈ) ಏಕಕಾಲಿಕ ಬಳಕೆ: ಒಂದೇ ಜಮೀನಿನ ದಾಖಲೆಯನ್ನು ಇಬ್ಬರು ಸಿಬ್ಬಂದಿ ಒಂದೇ ಕ್ಷಣದಲ್ಲಿ ಬದಲಾಯಿಸಲು ಮುಂದಾದಾಗ, ಮೊದಲಿನವರ ಕೆಲಸ ಪೂರ್ಣವಾಗುವವರೆಗೆ ಎರಡನೆಯವರನ್ನು ತಡೆಹಿಡಿಯಲಾಗುತ್ತದೆ. ಇದರಿಂದ ಒಬ್ಬರ ನಮೂದು ಇನ್ನೊಬ್ಬರ ನಮೂದನ್ನು ಅಳಿಸಿಹಾಕುವುದು ತಪ್ಪುತ್ತದೆ.

ಉ) ದಿನಚರಿ ಮತ್ತು ಮರುಸ್ಥಾಪನೆ: ಪ್ರತಿಯೊಂದು ಬದಲಾವಣೆಯನ್ನು ಪ್ರತ್ಯೇಕ ದಿನಚರಿಯಲ್ಲಿ ಬರೆದಿಡಲಾಗುತ್ತದೆ. ವಿದ್ಯುತ್ ಕಡಿತದಿಂದ ಕೆಲಸ ಅರ್ಧಕ್ಕೆ ನಿಂತಲ್ಲಿ ದಿನಚರಿಯ ನೆರವಿನಿಂದ ದತ್ತಸಂಚಯವನ್ನು ಸರಿಯಾದ ಸ್ಥಿತಿಗೆ ತರಬಹುದು. ಇದಲ್ಲದೆ ದತ್ತಸಂಚಯದ ಪೂರ್ಣ ನಕಲನ್ನು ನಿಗದಿತ ಅವಧಿಗೊಮ್ಮೆ ಬೇರೆ ಸ್ಥಳದಲ್ಲಿ ಇರಿಸುವುದು ಎಲ್ಲ ಉತ್ತಮ ವ್ಯವಸ್ಥೆಗಳ ಕ್ರಮ. ಭೂಮಿ ದತ್ತಾಂಶವು ಆರಂಭದಲ್ಲಿ ಆಯಾ ತಾಲ್ಲೂಕಿನ ಸರ್ವರ್‌ನಲ್ಲಿಯೇ ಇದ್ದು, ಮುಂದೆ ಅದನ್ನು ರಾಜ್ಯಮಟ್ಟದ ದತ್ತಾಂಶ ಕೇಂದ್ರದಲ್ಲಿ ಒಗ್ಗೂಡಿಸಲಾಯಿತು.

7. ವ್ಯವಹಾರ: ಪೂರ್ಣವಾಗಿ ಆಗಬೇಕು, ಇಲ್ಲವೇ ಆಗಲೇಬಾರದು

ದತ್ತಸಂಚಯದ ಪರಿಭಾಷೆಯಲ್ಲಿ, ಒಂದಕ್ಕೊಂದು ಅಂಟಿಕೊಂಡಿರುವ ಹಲವು ಬದಲಾವಣೆಗಳ ಗುಂಪಿಗೆ ವ್ಯವಹಾರ ಎಂದು ಹೆಸರು. ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು.

ಸರ್ವೆ ನಂಬರ್ 45, ಹಿಸ್ಸಾ 2ರಲ್ಲಿ ರಾಮಪ್ಪ ಎಂಬುವವರಿಗೆ 3 ಎಕರೆ 10 ಗುಂಟೆ ಜಮೀನು ಇದೆ ಎಂದುಕೊಳ್ಳೋಣ. ಅದರಲ್ಲಿ 1 ಎಕರೆ 20 ಗುಂಟೆಯನ್ನು ಅವರು ಲಕ್ಷ್ಮಮ್ಮ ಎಂಬುವವರಿಗೆ ಕ್ರಯಕ್ಕೆ ಕೊಟ್ಟಲ್ಲಿ ದಾಖಲೆಯಲ್ಲಿ ಎರಡು ಬದಲಾವಣೆಗಳಾಗಬೇಕು. ರಾಮಪ್ಪನವರ ಪಾಲು 1 ಎಕರೆ 30 ಗುಂಟೆಗೆ ಇಳಿಯಬೇಕು. ಲಕ್ಷ್ಮಮ್ಮನವರ ಹೆಸರಿನಲ್ಲಿ 1 ಎಕರೆ 20 ಗುಂಟೆ ಸೇರಬೇಕು. ಮೊದಲನೆಯದು ಮಾತ್ರ ಆಗಿ ಎರಡನೆಯದು ಆಗದೆ ಉಳಿದಲ್ಲಿ, ಒಂದೂವರೆ ಎಕರೆ ಭೂಮಿಗೆ ದಾಖಲೆಯಲ್ಲಿ ಮಾಲೀಕರೇ ಇಲ್ಲವಾಗುತ್ತಾರೆ. ಎರಡನೆಯದು ಮಾತ್ರ ಆದಲ್ಲಿ, ಅದೇ ಭೂಮಿಗೆ ಇಬ್ಬರು ಮಾಲೀಕರಾಗುತ್ತಾರೆ. ನಿರ್ವಹಣಾ ವ್ಯವಸ್ಥೆಯು ಈ ಎರಡನ್ನೂ ಒಂದೇ ವ್ಯವಹಾರವಾಗಿ ಪರಿಗಣಿಸಿ, ಎರಡೂ ಪೂರ್ಣಗೊಂಡಾಗ ಮಾತ್ರ ದಾಖಲೆಯನ್ನು ಕಾಯಂ ಮಾಡುತ್ತದೆ. ನಡುವೆ ಅಡಚಣೆ ಉಂಟಾದಲ್ಲಿ ದಾಖಲೆಯನ್ನು ಹಿಂದಿನ ಸ್ಥಿತಿಗೆ ಮರಳಿಸುತ್ತದೆ.

ಆದರೆ ಈ ಬದಲಾವಣೆಗೆ ಮುನ್ನ ಕಾನೂನಿನ ವಿಧಿವಿಧಾನ ಇದೆ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 128ರಂತೆ ಹಕ್ಕು ಪಡೆದ ವ್ಯಕ್ತಿಯು ಆ ಬಗ್ಗೆ ವರದಿ ಮಾಡಬೇಕಾಗುತ್ತದೆ. ನೋಂದಾಯಿತ ಪತ್ರಗಳ ವಿಷಯದಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯಿಂದಲೇ ಮಾಹಿತಿ ರವಾನೆಯಾಗುತ್ತದೆ. ಕಲಂ 129ರಂತೆ ಮ್ಯುಟೇಶನ್ ವಹಿಯಲ್ಲಿ ನಮೂದಿಸಿ, ಹಿತಾಸಕ್ತರಿಗೆ ನೋಟಿಸ್ ನೀಡಿ, ಆಕ್ಷೇಪಣೆಗೆ ಅವಕಾಶ ಕೊಟ್ಟ ನಂತರವೇ ಸಕ್ಷಮ ಅಧಿಕಾರಿಯು ಅದನ್ನು ದೃಢೀಕರಿಸಬೇಕು. ಭೂಮಿ ವ್ಯವಸ್ಥೆಯಲ್ಲಿ ಮ್ಯುಟೇಶನ್ ಅರ್ಜಿಗಳನ್ನು ಮೊದಲು ಬಂದದ್ದು ಮೊದಲು ಎಂಬ ಕ್ರಮದಲ್ಲಿ ವಿಲೇವಾರಿ ಮಾಡುವ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಯಿತು. ಕಡತವನ್ನು ಮೇಲೆ ಕೆಳಗೆ ಮಾಡುವ ಅವಕಾಶವನ್ನು ಮನುಷ್ಯರ ವಿವೇಚನೆಯಿಂದ ತೆಗೆದು ವ್ಯವಸ್ಥೆಯ ನಿಯಮಕ್ಕೆ ಒಪ್ಪಿಸಿದ್ದು ಇದರ ಮಹತ್ವ.

8. ಕನ್ನಡದ ಹೆಸರುಗಳು ಮತ್ತು ಹುಡುಕಾಟ

ಗಣಕಯಂತ್ರವು ಅಕ್ಷರಗಳನ್ನು ಸಂಕೇತ ಸಂಖ್ಯೆಗಳ ರೂಪದಲ್ಲಿ ಸಂಗ್ರಹಿಸುತ್ತದೆ. ಹಿಂದೆ ಕನ್ನಡದ ವಿವಿಧ ತಂತ್ರಾಂಶಗಳು ಬೇರೆ ಬೇರೆ ಸಂಕೇತಗಳನ್ನು ಬಳಸುತ್ತಿದ್ದುದರಿಂದ, ಒಂದರಲ್ಲಿ ಬರೆದ ಹೆಸರು ಇನ್ನೊಂದರಲ್ಲಿ ಓದಲು ಬಾರದಂತಾಗುತ್ತಿತ್ತು. ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ನಿಶ್ಚಿತ ಸ್ಥಾನವಿರುವುದರಿಂದ ಈ ತೊಂದರೆ ಬಹುಮಟ್ಟಿಗೆ ನಿವಾರಣೆಯಾಗಿದೆ.

ಆದಾಗ್ಯೂ ಯಂತ್ರವು ಅರ್ಥವನ್ನು ಹೋಲಿಸದೆ ಸಂಕೇತಗಳನ್ನು ಹೋಲಿಸುತ್ತದೆ ಎಂಬುದನ್ನು ಅರ್ಜಿದಾರರು ಗಮನದಲ್ಲಿಡಬೇಕು. "ಲಕ್ಷ್ಮಮ್ಮ", "ಲಕ್ಕಮ್ಮ", "ಲಕ್ಷ್ಮೀದೇವಮ್ಮ" ಎಂಬುವು ಊರಿನವರಿಗೆ ಒಬ್ಬರೇ ಮಹಿಳೆಯ ಹೆಸರುಗಳಾಗಿರಬಹುದು. ದತ್ತಸಂಚಯಕ್ಕೆ ಅವು ಮೂರು ಹೆಸರುಗಳು. ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಮತ್ತೊಂದು ರೂಪ ಇದ್ದಲ್ಲಿ "ವಿವರ ತಾಳೆಯಾಗುತ್ತಿಲ್ಲ" ಎಂಬ ಉತ್ತರ ಬರುವ ಸಾಧ್ಯತೆ ಹೆಚ್ಚು.

9. ದತ್ತಸಂಚಯದ ಮಿತಿ

ದತ್ತಸಂಚಯವು ನಮೂದಿಸಿದ್ದನ್ನು ನಿಷ್ಠೆಯಿಂದ ಕಾಯ್ದಿಡುತ್ತದೆ. ನಮೂದಿಸಿದ್ದು ನಿಜವೇ ಎಂಬುದನ್ನು ಅದು ತಿಳಿಯಲಾರದು. ಗುಂಟೆಯ ಕಲಂನಲ್ಲಿ 45 ಎಂದು ಬರೆದಲ್ಲಿ ವ್ಯವಸ್ಥೆಯು ತಡೆಯಬಲ್ಲದು. 13ರ ಬದಲು 31 ಎಂದು ಬರೆದಲ್ಲಿ ತಡೆಯಲಾರದು, ಏಕೆಂದರೆ ನಿಯಮದ ದೃಷ್ಟಿಯಲ್ಲಿ ಎರಡೂ ಸರಿಯಾದ ಸಂಖ್ಯೆಗಳೇ. ಮಾಲೀಕರು ಮರಣ ಹೊಂದಿ ವರ್ಷಗಳೇ ಕಳೆದಿದ್ದರೂ, ವಾರಸುದಾರರು ಪೌತಿ ಖಾತೆಗೆ ಅರ್ಜಿ ಸಲ್ಲಿಸದಿದ್ದಲ್ಲಿ ಪಹಣಿಯು ಮೃತರ ಹೆಸರನ್ನೇ ತೋರಿಸುತ್ತಿರುತ್ತದೆ. ಬ್ಯಾಂಕಿನ ಸಾಲ ತೀರಿದ್ದರೂ, ಋಣಮುಕ್ತಿಯ ಬಗ್ಗೆ ಕ್ರಮವಾಗದಿದ್ದಲ್ಲಿ ಕಲಂ 11ರಲ್ಲಿ ಸಾಲದ ನಮೂದು ಹಾಗೆಯೇ ಉಳಿಯುತ್ತದೆ.

ಕೈಬರಹದ ವಹಿಗಳಲ್ಲಿದ್ದ ದೋಷಗಳಲ್ಲಿ ಕೆಲವು ಗಣಕೀಕರಣದೊಂದಿಗೆ ದತ್ತಸಂಚಯದ ಒಳಕ್ಕೂ ಬಂದವು. ಕಲಂ 3ರ ಒಟ್ಟು ವಿಸ್ತೀರ್ಣಕ್ಕೂ ಕಲಂ 9ರ ಪಾಲುಗಳ ಮೊತ್ತಕ್ಕೂ ತಾಳೆಯಾಗದಿರುವ ಪಹಣಿಗಳು ಇದಕ್ಕೆ ಉದಾಹರಣೆ. ವಹಿಯ ಕಾಲದಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದೆ ಉಳಿದಿರಬಹುದಾಗಿತ್ತು. ಮೊತ್ತವನ್ನು ಪರಿಶೀಲಿಸುವ ವ್ಯವಸ್ಥೆಯಲ್ಲಿ ಅದು ಕ್ರಯ, ವಿಭಾಗ ಮತ್ತು ಖಾತೆ ಬದಲಾವಣೆಯ ವೇಳೆ ಅಡ್ಡಿಯಾಗಿ ಹೊರಬರುತ್ತದೆ.

ಇನ್ನೊಂದು ಸಂಗತಿಯೂ ಗಮನಾರ್ಹ. ಇಂದು ದತ್ತಸಂಚಯಗಳು ಒಂದಕ್ಕೊಂದು ಜೋಡಣೆಯಾಗಿವೆ. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ "ಕಾವೇರಿ", ಭೂಮಾಪನ ಇಲಾಖೆಯ "ಮೋಜಿಣಿ" ಹಾಗೂ ರೈತರ ವಿವರಗಳ "ಫ್ರೂಟ್ಸ್" ವ್ಯವಸ್ಥೆಗಳು ಭೂಮಿ ದತ್ತಾಂಶವನ್ನು ಬಳಸುತ್ತವೆ. ಸರಿಯಾದ ನಮೂದಿನಿಂದ ರೈತರು ಅದೇ ದಾಖಲೆಯನ್ನು ಕಚೇರಿಯಿಂದ ಕಚೇರಿಗೆ ಹೊತ್ತೊಯ್ಯುವುದು ತಪ್ಪುತ್ತದೆ. ತಪ್ಪು ನಮೂದು ಇದ್ದಲ್ಲಿ ಅದೇ ತಪ್ಪು ಬೆಳೆಸಾಲ, ಬೆಳೆಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ ಇವೆಲ್ಲವನ್ನೂ ಒಮ್ಮೆಗೇ ಬಾಧಿಸಬಹುದು.

ಕಾನೂನಿನ ದೃಷ್ಟಿಯಿಂದಲೂ ನಮೂದಿಗೆ ತೂಕವಿದೆ. ಭೂಕಂದಾಯ ಅಧಿನಿಯಮದ ಕಲಂ 133ರ ಪ್ರಕಾರ, ಹಕ್ಕು ದಾಖಲೆಯಲ್ಲಿನ ನಮೂದು ಹಾಗೂ ಮ್ಯುಟೇಶನ್ ವಹಿಯಲ್ಲಿನ ದೃಢೀಕೃತ ನಮೂದುಗಳನ್ನು, ವಿರುದ್ಧವಾದುದು ರುಜುವಾತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಆಗುವವರೆಗೆ, ಸತ್ಯವೆಂದೇ ಭಾವಿಸತಕ್ಕದ್ದು. ಅಂದರೆ ನಮೂದು ತಪ್ಪಾಗಿದೆ ಎಂದು ಹೇಳುವವರ ಮೇಲೆಯೇ ರುಜುವಾತಿನ ಹೊಣೆ ಬೀಳುತ್ತದೆ. ಹಾಗೆಂದು ಪಹಣಿಯ ನಮೂದು ತಾನಾಗಿ ಮಾಲೀಕತ್ವವನ್ನು ಸೃಷ್ಟಿಸುವುದಿಲ್ಲ, ಕಳೆಯುವುದೂ ಇಲ್ಲ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು ಹಲವು ತೀರ್ಪುಗಳಲ್ಲಿ ಸ್ಪಷ್ಟಪಡಿಸಿದೆ. ಹಕ್ಕು ಬರುವುದು ಕ್ರಯ, ದಾನ, ವಿಭಾಗ, ವಾರಸು ಮುಂತಾದ ಮೂಲಗಳಿಂದ. ದತ್ತಸಂಚಯವು ಅದನ್ನು ದಾಖಲಿಸುತ್ತದೆ. ಮೂಲ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವ ಅಗತ್ಯ ಗಣಕೀಕರಣದಿಂದ ಕಡಿಮೆಯಾಗಿಲ್ಲ.

10. ಅರ್ಜಿದಾರರು ಗಮನಿಸಬೇಕಾದ ಅಂಶಗಳು

1) ಸಾಲಕ್ಕಾಗಿ ಅಥವಾ ಮಾರಾಟಕ್ಕಾಗಿ ಪಹಣಿ ಬೇಕಾಗುವ ದಿನದವರೆಗೆ ಕಾಯದೆ, ವರ್ಷಕ್ಕೊಮ್ಮೆಯಾದರೂ ಪಹಣಿಯನ್ನು ಪರಿಶೀಲಿಸುವುದು ಒಳಿತು. ವಿಶೇಷವಾಗಿ ಕಲಂ 3, 9, 11 ಮತ್ತು 12ನ್ನು ಓದಿ ನೋಡಬೇಕು. ಓದಲು ಬಾರದವರು ಕುಟುಂಬದ ವಿಶ್ವಾಸಾರ್ಹ ಸದಸ್ಯರಿಂದ ಓದಿಸಿಕೊಳ್ಳಬೇಕು.

2) ಕಲಂ 9ರಲ್ಲಿರುವ ಎಲ್ಲ ಪಾಲುಗಳನ್ನು ಕೂಡಿ, ಕಲಂ 3ರ ವಿಸ್ತೀರ್ಣದೊಂದಿಗೆ ಹೋಲಿಸಬೇಕು. ಕೂಡುವಾಗ 40 ಗುಂಟೆಗೆ ಒಂದು ಎಕರೆ ಎಂಬುದನ್ನು ಮರೆಯಬಾರದು.

3) ಅರ್ಜಿಯಲ್ಲಿ ಗ್ರಾಮ, ಸರ್ವೆ ನಂಬರ್ ಮತ್ತು ಹಿಸ್ಸಾ ಸಂಖ್ಯೆಗಳನ್ನು ಪೂರ್ಣವಾಗಿ ಬರೆಯಬೇಕು. ಹೆಸರನ್ನು ದಾಖಲೆಯಲ್ಲಿ ಇರುವಂತೆಯೇ ಬರೆಯಬೇಕು. ದಾಖಲೆಯಲ್ಲಿನ ಹೆಸರೇ ತಪ್ಪಾಗಿದ್ದಲ್ಲಿ, ಹೊಸ ಸೇವೆಯನ್ನು ಕೋರುವ ಮುನ್ನ ಅದನ್ನು ತಿದ್ದಿಸಿಕೊಳ್ಳುವುದು ಸೂಕ್ತ.

4) ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯಬೇಕು. ಆ ಸಂಖ್ಯೆಯೇ ಅರ್ಜಿಯ ಕೀಲಿ. ಅದು ಇದ್ದಲ್ಲಿ ಅರ್ಜಿಯು ಯಾವ ಹಂತದಲ್ಲಿದೆ ಎಂಬುದನ್ನು ಯಾವುದೇ ಸಮಯದಲ್ಲಿ ತಿಳಿಯಬಹುದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ವಿಳಂಬದ ವಿರುದ್ಧ ಮೇಲ್ಮನವಿ ಸಲ್ಲಿಸಲೂ ಅದು ಬೇಕಾಗುತ್ತದೆ.

5) ಮ್ಯುಟೇಶನ್ ನೋಟಿಸ್ ಬಂದಾಗ ಅದನ್ನು ಕಡೆಗಣಿಸಬಾರದು. ಆಕ್ಷೇಪಣೆ ಇದ್ದಲ್ಲಿ ನೋಟಿಸಿನಲ್ಲಿ ನಮೂದಿಸಿದ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸಬೇಕು.

6) ಹಳೆಯ ವಹಿಯಿಂದ ನಕಲು ಮಾಡುವಾಗ ಆದ ಬರವಣಿಗೆಯ ದೋಷಗಳಿಗೆ ತಹಶೀಲ್ದಾರರ ಕಚೇರಿಯಲ್ಲಿ ತಿದ್ದುಪಡಿ ಅರ್ಜಿ ಸಲ್ಲಿಸಬಹುದು. ಹಿಂದಿನ ಕೈಬರಹದ ಪಹಣಿಯ ದೃಢೀಕೃತ ನಕಲು, ಮ್ಯುಟೇಶನ್ ನಕಲು ಮತ್ತು ಮೂಲ ಪತ್ರಗಳ ಪ್ರತಿಗಳು ಇದಕ್ಕೆ ನೆರವಾಗುತ್ತವೆ.

7) ಮ್ಯುಟೇಶನ್ ಆದೇಶದಿಂದ ಅಥವಾ ದೃಢೀಕೃತ ನಮೂದಿನಿಂದ ಬಾಧಿತರಾದವರು ಅಧಿನಿಯಮದ ಕಲಂ 136ರ ಮೇರೆಗೆ, ಆದೇಶ ತಿಳಿಸಿದ ಅಥವಾ ನಮೂದು ತಿಳಿದುಬಂದ ದಿನಾಂಕದಿಂದ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಮಾಲೀಕತ್ವದ ಬಗ್ಗೆಯೇ ವಿವಾದವಿದ್ದಲ್ಲಿ ಸಿವಿಲ್ ನ್ಯಾಯಾಲಯದಿಂದ ಹಕ್ಕು ಘೋಷಣೆಯನ್ನು ಪಡೆಯಬೇಕಾಗುತ್ತದೆ; ಅದಕ್ಕನುಗುಣವಾಗಿ ದಾಖಲೆಯನ್ನು ತಿದ್ದಲಾಗುತ್ತದೆ.

8) ಪಹಣಿಯಲ್ಲಿ ಮೃತರ ಹೆಸರು ಉಳಿದಿದ್ದಲ್ಲಿ, ಮರಣ ಪ್ರಮಾಣ ಪತ್ರ ಮತ್ತು ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಅರ್ಜಿ ಸಲ್ಲಿಸಬೇಕು. ತಲೆಮಾರುಗಳು ಕಳೆದಂತೆ ವಾರಸುದಾರರ ಸಂಖ್ಯೆ ಹೆಚ್ಚಿ, ಪುರಾವೆ ಒದಗಿಸುವುದು ಕಷ್ಟವಾಗುತ್ತದೆ.

ವಹಿಯ ಕಾಲದಲ್ಲಿ ದಾಖಲೆಯು ಒಬ್ಬರ ಕೈಯಲ್ಲಿತ್ತು. ಅದನ್ನು ನೋಡುವುದೇ ರೈತರಿಗೆ ಕಷ್ಟವಾಗಿತ್ತು. ಈಗ ನೋಡುವ ಅವಕಾಶ ಎಲ್ಲರಿಗೂ ಇದೆ. ನಮೂದಿಸಿದ್ದನ್ನು ಕಾಪಾಡುವ ಕೆಲಸವನ್ನು ದತ್ತಸಂಚಯ ನಿರ್ವಹಣಾ ವ್ಯವಸ್ಥೆಯು ಮಾಡುತ್ತದೆ. ನಮೂದು ನಿಜಕ್ಕೆ ಅನುಗುಣವಾಗಿದೆಯೇ ಎಂಬುದನ್ನು ನೋಡಿಕೊಳ್ಳುವುದು ಅಧಿಕಾರಿಗಳ ಕರ್ತವ್ಯವಾಗಿದ್ದು, ದೋಷ ಕಂಡಲ್ಲಿ ಅದನ್ನು ಸಕಾಲದಲ್ಲಿ ಗಮನಕ್ಕೆ ತರುವುದು ಹಕ್ಕುದಾರರ ಹಿತದೃಷ್ಟಿಯಿಂದ ಅತ್ಯಗತ್ಯ.